ಕೆಲಸ ಬಿಟ್ಟು ಗೋವಾದಲ್ಲಿ ಪೋಕರ್ ಆಡಬೇಕು ಅಂತಿದ್ದೇನೆ, ಅಪ್ಪನಿಗೆ ಏನಂತ ಹೇಳಲಿ?

ಮದ್ದೂರು_ವಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 26. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕೈಗೆ 62 ಸಾವಿರ ಬರುತ್ತದೆ. ಊರು ಮಂಡ್ಯ ಕಡೆ. ಅಪ್ಪನಿಗೆ ಎರಡು ಎಕರೆ ಕಬ್ಬು, ಅವ್ವ ಡೈರಿಗೆ ಹಾಲು ಹಾಕುತ್ತಾಳೆ, ತಂಗಿ ಬಿ.ಇಡಿ ಓದುತ್ತಿದ್ದಾಳೆ.

ಕಾಲೇಜಿನಲ್ಲಿದ್ದಾಗಿನಿಂದ ಆನ್‌ಲೈನ್ ಪೋಕರ್ ಆಡುತ್ತಿದ್ದೆ. ತೀನ್ ಪತ್ತಿ ಅಲ್ಲ, ಅಂದರ್ ಬಾಹರ್ ಅಲ್ಲ, ಟೆಕ್ಸಾಸ್ ಹೋಲ್ಡೆಮ್ ಅನ್ನುವ ಪೋಕರ್. ಪುಸ್ತಕ ಓದಿದ್ದೇನೆ, ಪ್ರತಿ ಹ್ಯಾಂಡ್ (ಎಲೆ ಹಂಚಿ ಆಡಿದ ಒಂದೊಂದು ಸುತ್ತು) ದಾಖಲೆ ಇಟ್ಟಿದ್ದೇನೆ. ಸುಮಾರು 1 ಲಕ್ಷ ಹ್ಯಾಂಡ್, 25/50 ಟೇಬಲ್ (ಎಲೆ ಹಂಚುವ ಮುಂಚೆ ಇಬ್ಬರು ಕಡ್ಡಾಯವಾಗಿ ಇಡುವ ದುಡ್ಡು 25 ಮತ್ತು 50, ದೊಡ್ಡದಾದ 50 ರೂಪಾಯಿಯೇ ಬಿಗ್ ಬ್ಲೈಂಡ್), 100 ಹ್ಯಾಂಡಿಗೆ 4 ಬಿಗ್ ಬ್ಲೈಂಡ್ ಲಾಭ. ಅಂದರೆ ಒಟ್ಟು 2 ಲಕ್ಷ ಗೆದ್ದಿದ್ದೇನೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಎಲ್ಲ ಆ್ಯಪ್‌ಗಳೂ ದುಡ್ಡಿನ ಆಟ ನಿಲ್ಲಿಸಿದವು. ಈಗ ನನಗೆ ಉಳಿದಿರುವುದು ಗೋವಾದ ಲೈವ್ ಟೇಬಲ್ ಒಂದೇ. ಪರಿಚಯದವನೊಬ್ಬ ಪಣಜಿಯಲ್ಲಿ ರೂಮ್ ಮಾಡಿದ್ದಾನೆ, ಬಾ ಅಂತ ಕರೆಯುತ್ತಿದ್ದಾನೆ. ನನ್ನ ಉಳಿತಾಯ 7 ಲಕ್ಷ ಇದೆ, ಅದೇ ಬ್ಯಾಂಕ್‌ರೋಲ್, ಅಂದರೆ ಆಟದ ಬಂಡವಾಳ. ಒಂದು ವರ್ಷ ಪ್ರಯತ್ನ ಮಾಡಿ ಆಗಲಿಲ್ಲ ಅಂದರೆ ವಾಪಸ್ ಬಂದು ಕೆಲಸ ಹುಡುಕುವುದು ಅಂತ ಲೆಕ್ಕ.

ಮನೆಯಲ್ಲಿ ಬೇರೆಯೇ ಲೆಕ್ಕ ನಡೆಯುತ್ತಿದೆ. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಬೇಕು, ತಂಗಿ ಮದುವೆ ಎರಡು ವರ್ಷದಲ್ಲಿ ಆಗಬೇಕು, ಆಮೇಲೆ ನನಗೂ ಹೆಣ್ಣು ನೋಡಬೇಕು. ನನ್ನ 7 ಲಕ್ಷದಲ್ಲಿ 4 ಲಕ್ಷ ಮನೆಗೆ ಅಂತ ಅಪ್ಪ ಆಗಲೇ ಗಾರೆ ಮೇಸ್ತ್ರಿ ಹತ್ತಿರ ಮಾತಾಡಿದ್ದಾರೆ! ಅಪ್ಪನಿಗೆ ಎಲೆ ಅಂದರೆ ಯುಗಾದಿ ಹಬ್ಬದಲ್ಲಿ ಅರಳಿಕಟ್ಟೆ ಮೇಲೆ ಆಡುವ ಇಸ್ಪೀಟು, ಅದನ್ನೂ ಅವರು ಆಡುವುದಿಲ್ಲ. ನಮ್ಮ ದೊಡ್ಡಪ್ಪ ಅದರಲ್ಲೇ ಅರ್ಧ ಎಕರೆ ಗದ್ದೆ ಕಳೆದುಕೊಂಡವರು. ಇದು ಬುದ್ಧಿವಂತಿಕೆಯ ಆಟ, ಅಭ್ಯಾಸದಿಂದ ಬರುತ್ತದೆ ಅಂತ ಅವರಿಗೆ ಹೇಗೆ ಅರ್ಥ ಮಾಡಿಸಲಿ? ಸುಮ್ನೆ ಬೈಯುವವರು ದಯವಿಟ್ಟು ಬೇಡ. ಇದರಲ್ಲಿ ಇದ್ದವರು, ದುಡ್ಡಿನ ಲೆಕ್ಕ ಗೊತ್ತಿರುವವರು ಹೇಳಿ.

---

ವಿಸಿ_ನಾಲೆ

ಗುರು, 2023ರಲ್ಲಿ ನಿಮ್ಮ ಮದ್ದೂರು ಕಡೆಯಿಂದಲೇ ಅಲ್ವಾ ಹೆಣ್ಣು ಸಿಗದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದು? ಅವರಿಗೆ ಹೊಲ ಇತ್ತು, ಮನೆ ಇತ್ತು, ಆದರೂ ಹೆಣ್ಣು ಕೊಡಲಿಲ್ಲ. ನೀನು ಹೋಗಿ "ಗೋವಾದ ಹಡಗಿನಲ್ಲಿ ಎಲೆ ಆಡುತ್ತೇನೆ" ಅಂದರೆ ಬ್ರೋಕರ್ ನಿನ್ನ ಫೋಟೋನೇ ವಾಪಸ್ ಕೊಡುತ್ತಾನೆ.

ಬೈಯುತ್ತಿಲ್ಲ, ಇದ್ದದ್ದು ಹೇಳಿದೆ.

---

ರಿವರ್_ಕಾರ್ಡ್

ನಾನು ಆಡುತ್ತೇನೆ, ಕೆಲಸವನ್ನೂ ಇಟ್ಟುಕೊಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ 1 ಲಕ್ಷ ಹ್ಯಾಂಡ್ ವಿಷಯ. ದಾಖಲೆ ಇಟ್ಟಿರುವುದು ಒಳ್ಳೆಯದು, ನೂರಕ್ಕೆ ತೊಂಬತ್ತು ಜನ ಇಡುವುದಿಲ್ಲ. ಆದರೆ ಹೋಲ್ಡೆಮ್‌ನಲ್ಲಿ 100 ಹ್ಯಾಂಡಿಗೆ ಅದೃಷ್ಟದಿಂದಾಗುವ ಏರಿಳಿತ ಸುಮಾರು 100 ಬಿಗ್ ಬ್ಲೈಂಡ್ ಅಂತ ಇಟ್ಟುಕೊ. ಏರಿಳಿತ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುವುದರಿಂದ 1 ಲಕ್ಷ ಹ್ಯಾಂಡಿಗೆ ಅದು ಹತ್ತಿರ ಹತ್ತಿರ 3,160 ಬ್ಲೈಂಡ್ ಆಗುತ್ತದೆ. ನಿನ್ನ ಗೆಲುವು 4,000. ಅಂದರೆ ಆಟದಲ್ಲಿ ಲಾಭವೂ ಇಲ್ಲದ ನಷ್ಟವೂ ಇಲ್ಲದ ಹತ್ತು ಜನರನ್ನು ಕೂರಿಸಿ 1 ಲಕ್ಷ ಹ್ಯಾಂಡ್ ಆಡಿಸಿದರೆ, ಅವರಲ್ಲಿ ಒಬ್ಬನಿಗೆ ಬರೀ ಅದೃಷ್ಟದಿಂದಲೇ ನಿನ್ನಷ್ಟು ದುಡ್ಡು ಬಂದಿರುತ್ತದೆ. ಆ ಒಬ್ಬ ನೀನಲ್ಲ ಅಂತ ನನಗೂ ಅನಿಸುತ್ತದೆ, ನೀನು ಆಟ ಕಲಿತವನು. ಆದರೆ ಗ್ಯಾರಂಟಿ ಅಂತೂ ಇಲ್ಲ.

ಈಗ ಗೋವಾ. ಲೈವ್ ಟೇಬಲ್‌ನಲ್ಲಿ ಗಂಟೆಗೆ 25ರಿಂದ 30 ಹ್ಯಾಂಡ್ ಆಗುತ್ತದೆ, ಅಷ್ಟೇ. ಆನ್‌ಲೈನ್‌ನಲ್ಲಿ ನಾಲ್ಕು ಟೇಬಲ್ ಹಾಕಿಕೊಂಡು ಒಂದು ಸಂಜೆ ಆಡುತ್ತಿದ್ದ ಹ್ಯಾಂಡ್‌ಗಳಿಗೆ ಇಲ್ಲಿ ವಾರಪೂರ್ತಿ ಕೂರಬೇಕು. ವಾರಕ್ಕೆ 40 ಗಂಟೆ ಕೂತರೂ 1 ಲಕ್ಷ ಹ್ಯಾಂಡ್ ಮುಗಿಯಲು ಒಂದೂವರೆ ವರ್ಷ ದಾಟುತ್ತದೆ. ನೀನು ಇಟ್ಟುಕೊಂಡಿರುವ ಗಡುವು ಒಂದು ವರ್ಷ. ವರ್ಷ ಮುಗಿದಾಗ ನಿನಗೆ ಉತ್ತರ ಸಿಕ್ಕಿರುವುದೇ ಇಲ್ಲ. ಸೋತಿದ್ದರೆ "ಅದೃಷ್ಟ ಕೈಕೊಟ್ಟಿತು, ಇನ್ನೊಂದು ವರ್ಷ ನೋಡೋಣ" ಅಂತೀಯ, ಗೆದ್ದಿದ್ದರೆ "ನಾನು ಪ್ರೊ" ಅಂತೀಯ. ಎರಡೂ ಸುಳ್ಳಿರಬಹುದು. ನನ್ನ ಮಟ್ಟಿಗೆ ಈ ಯೋಜನೆಯ ದೊಡ್ಡ ತೂತು ಇದು, ಮನೆಯವರ ವಿರೋಧ ಆಮೇಲಿನದು.

ದುಡ್ಡಿನ ಲೆಕ್ಕ ಕೇಳಿದೆಯಲ್ಲ. 100/200 ಟೇಬಲ್ ಅಂದುಕೊ. 100 ಹ್ಯಾಂಡಿಗೆ 5 ಬ್ಲೈಂಡ್ ಗೆಲ್ಲುವ ಒಳ್ಳೆಯ ಆಟಗಾರ ನೀನು ಅಂತಲೂ ಅಂದುಕೊ. ಗಂಟೆಗೆ 30 ಹ್ಯಾಂಡ್ ಲೆಕ್ಕದಲ್ಲಿ 300 ರೂಪಾಯಿ ಬಿತ್ತು. ತಿಂಗಳಿಗೆ 160 ಗಂಟೆ ಕೂತರೆ 48 ಸಾವಿರ. ನಿನ್ನ ಸಂಬಳಕ್ಕಿಂತ ಕಡಿಮೆ, ಅದೂ ರೂಮ್ ಬಾಡಿಗೆ, ಊಟ, ಡೀಲರ್ ಟಿಪ್ಸ್ ಕಳೆಯುವ ಮುಂಚೆ. ಮತ್ತೆ ಆ 48 ಸಾವಿರ ಪ್ರತಿ ತಿಂಗಳೂ ಬರುವುದಿಲ್ಲ. ಒಂದು ತಿಂಗಳ ಏರಿಳಿತವೇ 1 ಲಕ್ಷದ 38 ಸಾವಿರದಷ್ಟು. ಚೆನ್ನಾಗಿ ಆಡುವವನಿಗೂ ಮೂರು ತಿಂಗಳಲ್ಲಿ ಒಂದು ತಿಂಗಳು ಮೈನಸ್.

---

ಬೆಳಗಾವಿ_ಕುಂದಾ

ರಿವರ್ ಅಣ್ಣಾ, ಲೆಕ್ಕ ಬರೋಬ್ಬರಿ ಐತಿ, ಆದರೆ ಆನ್‌ಲೈನ್ ಗೆಲುವಿನ ದರ ತಗೊಂಡು ಲೈವ್‌ಗೆ ಹಚ್ಚಬ್ಯಾಡ್ರಿ. ನಮಗೆ ಗೋವಾ ಹತ್ತಿರ, ಚೋರ್ಲಾ ಘಾಟ್ ಇಳಿದರೆ ಆಯಿತು, ಶನಿವಾರದ ಟೇಬಲ್ ನಾನು ನೋಡಿದ್ದೇನೆ. ಬೆಂಗಳೂರು, ಹೈದರಾಬಾದ್, ಗುಜರಾತ್‌ನಿಂದ ಪ್ರವಾಸಕ್ಕೆ ಬಂದವರು, ಎರಡು ಪೆಗ್ ಹಾಕಿಕೊಂಡು ಕೂತಿರುತ್ತಾರೆ, ಯಾವ ಎಲೆ ಬಂದರೂ ಕಾಲ್ ಮಾಡುತ್ತಾರೆ, ಅಂದರೆ ಬಿಡದೆ ದುಡ್ಡು ಹಾಕುತ್ತಾರೆ. ಅಂಥ ಟೇಬಲ್‌ನಲ್ಲಿ ತಾಳ್ಮೆ ಇದ್ದವನು ಗಂಟೆಗೆ 5 ಬ್ಲೈಂಡ್ ಹೊಡೆಯುವುದು ಆಗದ ಮಾತಲ್ಲ. ಅಂದರೆ ಗಂಟೆಗೆ ಸಾವಿರ ರೂಪಾಯಿ.

ಆದರೆ ತಮ್ಮಾ, ಅದು ಶನಿವಾರದ ಮಾತು. ಮಂಗಳವಾರ ಮಧ್ಯಾಹ್ನ ಹೋಗಿ ನೋಡು. ಆಗ ಟೇಬಲ್ ಸುತ್ತ ಕೂತವರೆಲ್ಲ ನಿನ್ನಂಗೇ ಕೆಲಸ ಬಿಟ್ಟು ಬಂದ ಹುಡುಗರು. ಒಬ್ಬರ ದುಡ್ಡು ಒಬ್ಬರು ತಿರುಗಿಸುತ್ತಾ ಕೂತಿರುತ್ತಾರೆ, ನಡುವೆ ಕ್ಯಾಸಿನೊದವನು ಪ್ರತಿ ಪಾಟ್‌ನಿಂದ (ಟೇಬಲ್ ಮೇಲೆ ಕೂಡಿದ ದುಡ್ಡಿನಿಂದ) ರೇಕ್ ಅಂತ ತನ್ನ ಪಾಲು ಎತ್ತುತ್ತಿರುತ್ತಾನೆ. ಶನಿವಾರ, ಭಾನುವಾರ ಮಾತ್ರ ಆಡುವುದು ಲಾಭ ಅಂದಮೇಲೆ, ಸೋಮವಾರದಿಂದ ಶುಕ್ರವಾರದ ನೌಕರಿ ಯಾಕೆ ಬಿಡುತ್ತೀ? ಇದು ನನಗೆ ತಿಳಿಯಲಿಲ್ಲ ನೋಡು.

---

ಲೆಕ್ಕ_ಪತ್ರ

ನಾನು ಸಿಎ ಆಫೀಸಿನಲ್ಲಿರುವವನು. ಪೋಕರ್ ಗೊತ್ತಿಲ್ಲ, ತೆರಿಗೆ ಗೊತ್ತು. ಮೇಲಿನ ಇಬ್ಬರೂ ತೆರಿಗೆ ಹಿಡಿದೇ ಇಲ್ಲ.

ಲಾಟರಿ, ಇಸ್ಪೀಟು, ಜೂಜಿನ ಗೆಲುವಿಗೆ ನೇರ 30 ಪರ್ಸೆಂಟ್, ಸೆಸ್ ಸೇರಿ 31.2. ಸ್ಲ್ಯಾಬ್ ಇಲ್ಲ, ರಿಬೇಟ್ ಇಲ್ಲ. ನಿಮ್ಮ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ, ಯಾಕೆಂದರೆ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ಬರುವುದಿಲ್ಲ. ಅದೇ ದುಡ್ಡು ಎಲೆಯಿಂದ ಬಂದರೆ ಮೊದಲ ರೂಪಾಯಿಯಿಂದಲೇ ತೆರಿಗೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಖರ್ಚು ಕಳೆಯಲು ಬಿಡುವುದಿಲ್ಲ, ಸೋಲನ್ನು ಗೆಲುವಿನ ಜೊತೆ ಹೊಂದಿಸಲು ಬಿಡುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬಿಡುವುದಿಲ್ಲ. ಆನ್‌ಲೈನ್ ಆಟಕ್ಕೆ 2023ರ ಏಪ್ರಿಲ್‌ನಿಂದ ವರ್ಷದ ನಿವ್ವಳ ಗೆಲುವಿನ ಮೇಲೆ ತೆರಿಗೆ ಅಂತ ಮಾಡಿದ್ದರು, ನಿಮಗೆ ಅದೇ ಅಭ್ಯಾಸ ಆಗಿದೆ. ಲೈವ್‌ಗೆ ಆ ಸೌಕರ್ಯ ಇಲ್ಲ. ಉದಾಹರಣೆ ಕೊಡುತ್ತೇನೆ. ವರ್ಷಕ್ಕೆ 25 ಸಾವಿರ ಎಂಟ್ರಿಯ 40 ಟೂರ್ನಿ ಆಡಿದಿರಿ, ಖರ್ಚು 10 ಲಕ್ಷ. ಕೆಲವನ್ನು ಗೆದ್ದು ಒಟ್ಟು 13 ಲಕ್ಷ ಬಂತು. ನಿಮ್ಮ ಲೆಕ್ಕದಲ್ಲಿ 3 ಲಕ್ಷ ಲಾಭ. ಇಲಾಖೆ ಲೆಕ್ಕದಲ್ಲಿ ಆದಾಯ 13 ಲಕ್ಷ, ತೆರಿಗೆ 4,05,600. ಕೈಯಿಂದಲೇ ಲಕ್ಷದ ಮೇಲೆ ಹೋಯಿತು. ಗೆದ್ದ ಟೂರ್ನಿಯ ಎಂಟ್ರಿಯನ್ನಾದರೂ ಕಳೆಯಬೇಕು ಅಂತ ವಾದ ಮಾಡುವವರಿದ್ದಾರೆ, ಮಾಡಲಿ. ಸೋತ ಟೂರ್ನಿಗಳ ಎಂಟ್ರಿಯೇ ದೊಡ್ಡ ಮೊತ್ತ, ಅದು ಹೋಯಿತು ಅಂತಲೇ.

ಕ್ಯಾಸಿನೊ ಮೇಲಿನ ಜಿಎಸ್‌ಟಿ ಬೇರೆ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 40 ಪರ್ಸೆಂಟ್ ಆಗಿದೆ. ಅದನ್ನು ಪೋಕರ್ ಟೇಬಲ್‌ನವರು ನಿಮ್ಮಿಂದ ಯಾವ ರೂಪದಲ್ಲಿ ವಸೂಲಿ ಮಾಡುತ್ತಾರೆ ಅಂತ ಹೋಗುವ ಮುಂಚೆ ಕೇಳಿಕೊಳ್ಳಿ.

ಕೆಲಸ ಬಿಟ್ಟರೆ ಪಿಎಫ್ ನಿಲ್ಲುತ್ತದೆ, ಕಂಪನಿಯ ಪಾಲು ಹೋಗುತ್ತದೆ. ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರಿದೆಯಾ ನೋಡಿ, ಇದ್ದರೆ ಅದೂ ಹೋಗುತ್ತದೆ. ಐವತ್ತು ದಾಟಿದವರಿಗೆ ಹೊಸದಾಗಿ ವಿಮೆ ಮಾಡಿಸಿದರೆ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಹಾಕುತ್ತಾರೆ. ಇನ್ನು ಮನೆ ಕಟ್ಟಲು ಸಾಲ ಬೇಕಾದರೆ ಬ್ಯಾಂಕಿನವರು ಕೇಳುವುದು ಸ್ಯಾಲರಿ ಸ್ಲಿಪ್. ಎಲೆ ಗೆದ್ದ ದುಡ್ಡನ್ನು ಆದಾಯ ಅಂತ ಒಪ್ಪಿ ಸಾಲ ಕೊಟ್ಟ ಮ್ಯಾನೇಜರ್‌ನನ್ನು ನಾನಂತೂ ನೋಡಿಲ್ಲ.

---

ಮದ್ದೂರು_ವಡೆ

ಥ್ಯಾಂಕ್ಸ್, ತೆರಿಗೆಯದ್ದು ನಿಜಕ್ಕೂ ಗೊತ್ತಿರಲಿಲ್ಲ.

ಇನ್ನೊಂದು ದಾರಿ ಇದೆ, ಮೊದಲು ಬರೆದಿರಲಿಲ್ಲ. ಟೆಲಿಗ್ರಾಂನಲ್ಲಿ ಒಬ್ಬ ಏಜೆಂಟ್ ಇದ್ದಾನೆ. ವಿದೇಶಿ ಆ್ಯಪ್, ಅದರಲ್ಲಿ ಪ್ರೈವೇಟ್ ಕ್ಲಬ್. ಅವನಿಗೆ ಯುಪಿಐ ಮಾಡಿದರೆ ಚಿಪ್ಸ್ ಹಾಕುತ್ತಾನೆ, ಗೆದ್ದರೆ ವಾಪಸ್ ಕಳಿಸುತ್ತಾನೆ. ಹೊಸ ಕಾಯ್ದೆಯಲ್ಲಿ ಆಡುವವನಿಗೆ ಶಿಕ್ಷೆ ಇಲ್ಲ ಅಂತ ಓದಿದೆ. ಹಾಗಾದರೆ ಕೆಲಸ ಇಟ್ಟುಕೊಂಡೇ ರಾತ್ರಿ ಆಡಬಹುದಲ್ಲ?

---

ಕುಡ್ಲದ_ಬಂಗುಡೆ

ಅದೊಂದು ಮಾಡಬೇಡ ಮಾರಾಯ.

ಕಾಯ್ದೆಯಲ್ಲಿ ಆಡುವವನಿಗೆ ಜೈಲಿಲ್ಲ, ಸರಿ. ಆಡಿಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆ ದುಡ್ಡು ಸಾಗಿಸುವವನಿಗೂ ಅಷ್ಟೇ. ಈಗ ಯೋಚನೆ ಮಾಡು, ಅಂಥ ಏಜೆಂಟ್ ತನ್ನ ಸ್ವಂತ ಖಾತೆಯಿಂದ ನಿನಗೆ ದುಡ್ಡು ಕಳಿಸುತ್ತಾನಾ? ಯಾರ್‍ಯಾರದ್ದೋ ಬಾಡಿಗೆ ಖಾತೆಯಿಂದ ಬರುತ್ತದೆ. ಆ ಖಾತೆಗೆ ಮೊದಲು ಯಾರೋ ಅಜ್ಜನಿಗೆ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ತ ದುಡ್ಡು ಬಂದಿರುತ್ತದೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ, ದುಡ್ಡು ಹೋದ ದಾರಿ ಹಿಡಿದು ಒಂದೊಂದೇ ಖಾತೆ ಲಾಕ್ ಆಗುತ್ತಾ ಬರುತ್ತದೆ, ಕೊನೆಗೆ ನಿನ್ನದು. ನಿನ್ನ ಸಂಬಳದ ಖಾತೆ. ಬ್ಯಾಂಕಿಗೆ ಹೋದರೆ ಬೇರೆ ಯಾವುದೋ ರಾಜ್ಯದ ಸೈಬರ್ ಠಾಣೆ ಹೆಸರು ಹೇಳುತ್ತಾರೆ, ಅಲ್ಲಿಗೆ ಹೋಗಿ ಬಿಡಿಸಿಕೊಂಡು ಬಾ ಅಂತ. ನಮ್ಮ ಬಿಲ್ಡಿಂಗ್‌ನಲ್ಲೇ ಒಬ್ಬನಿಗೆ ಹೀಗಾಗಿ ತಿಂಗಳುಗಟ್ಟಲೆ ಅಲೆದ. ಕೇಳಿದವರಿಗೆಲ್ಲ "ಫ್ರೆಂಡ್ ಕಳಿಸಿದ ದುಡ್ಡು" ಅಂತ ಕಥೆ ಹೇಳುತ್ತಾ.

ಮತ್ತೆ ಆ ಆ್ಯಪ್‌ನಲ್ಲಿ ಎಲೆ ಯಾರು ಹಂಚುತ್ತಾರೆ ಅಂತ ನಿನಗೆ ಗೊತ್ತುಂಟಾ? ಎದುರಿಗೆ ಕೂತ ನಾಲ್ಕು ಜನ ಒಬ್ಬನೇ ಇರಬಹುದು. ಮೋಸ ಆಯಿತು ಅಂತ ದೂರು ಕೊಡಲು ಯಾವ ಜಾಗವೂ ಇಲ್ಲ.

---

ಕ್ಯಾಂಡಲ್_ಕಿಂಗ್

ಬ್ರೋ ಪೋಕರ್ ಬಿಡು, ಆಪ್ಷನ್ ಟ್ರೇಡಿಂಗ್ ಮಾಡು. ಲೀಗಲ್, ಮನೆಯಲ್ಲೂ ಶೇರ್ ಮಾರ್ಕೆಟ್ ಅಂತ ಹೇಳಬಹುದು, ನಷ್ಟ ಆದರೆ ಮುಂದಿನ ವರ್ಷಕ್ಕೂ ಒಯ್ಯಬಹುದು. ನಿನ್ನ ಹಾಗೆ ಲೆಕ್ಕ ಗೊತ್ತಿರುವವರಿಗೆ ಹೇಳಿ ಮಾಡಿಸಿದ್ದು.

---

ಲೆಕ್ಕ_ಪತ್ರ

ಒಯ್ಯಬಹುದು, 8 ವರ್ಷ. ಹಾಗೆ ಒಯ್ಯುತ್ತಿರುವವರ ರಿಟರ್ನ್ ನಾವೇ ತುಂಬುತ್ತೇವೆ, ಲಾಭ ಬರದೆ ನಷ್ಟ ಮಾತ್ರ ಸಾಲಾಗಿ ನಿಂತಿರುತ್ತದೆ. ಶೇರ್ ಮಾರುಕಟ್ಟೆ ನಿಯಂತ್ರಿಸುವ ಸೆಬಿ 2024ರಲ್ಲಿ ಲೆಕ್ಕ ಕೊಟ್ಟಿತ್ತು, ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಓ (ಫ್ಯೂಚರ್ಸ್, ಆಪ್ಷನ್) ಆಡಿದ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್‌ಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. 2024-25ರಲ್ಲಿ 91 ಪರ್ಸೆಂಟ್. 2023-24ರಲ್ಲಿ ಮಾಡುವವರಲ್ಲಿ 30 ವರ್ಷದೊಳಗಿನವರು 43 ಪರ್ಸೆಂಟ್ ಆಗಿದ್ದರು. ಮನೆಯಲ್ಲಿ ಹೇಳಲು ಚೆನ್ನಾಗಿರುತ್ತದೆ ಅನ್ನುವುದೊಂದೇ ಅದರ ಲಾಭ.

---

ಹಳೇ_ಸೊಸೈಟಿ

ನಾನು ಮಂಡ್ಯ ಜಿಲ್ಲೆಯಲ್ಲೇ ಸೊಸೈಟಿ ಕೆಲಸ ಮಾಡಿ ನಿವೃತ್ತಿ ಆದವನು. ಮಗ ಈ ಸೈಟು ತೋರಿಸಿದ, ಓದಿದೆ. ಎಲೆ ಆಟದ ಲೆಕ್ಕ ಇಲ್ಲಿ ಹುಡುಗರು ಚೆನ್ನಾಗಿ ಹೇಳಿದ್ದಾರೆ. ನಾನು ನಿಮ್ಮಪ್ಪನ ಕಡೆಯಿಂದ ಮಾತಾಡುತ್ತೇನೆ, ಕೇಳು ಮಗ.

"ಅಪ್ಪನಿಗೆ ಅರ್ಥ ಮಾಡಿಸುವುದು ಹೇಗೆ" ಅಂತ ಕೇಳಿದ್ದೀಯ. ಏರುಪೇರು ಅಂದರೆ ಏನು ಅಂತ ನಿಮ್ಮಪ್ಪನಿಗೆ ನೀನು ಹೇಳಿಕೊಡಬೇಕಾ? 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ನಾಲೆಗೆ ನೀರು ಬಿಡಿ ಅಂತ ರೈತರು ರಸ್ತೆಯಲ್ಲಿ ಕೂತರು. ಕಬ್ಬು ಹಾಕಿ ಹತ್ತು ಹನ್ನೆರಡು ತಿಂಗಳು ಕಾಯಬೇಕು. ಕಟಾವಿಗೆ ಆಳು ಸಿಗಬೇಕು, ಕಾರ್ಖಾನೆಯವರು ಕಟಿಂಗ್ ಆರ್ಡರ್ ಕೊಡಬೇಕು, ಲಾರಿ ಸಾಲಿನಲ್ಲಿ ನಿಲ್ಲಬೇಕು, ನಿಂತಷ್ಟೂ ತೂಕ ಇಳಿಯುತ್ತದೆ. ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು ಅಂತ 1966ರಿಂದ ಕಾನೂನಿದೆ, ತಡ ಆದರೆ 15 ಪರ್ಸೆಂಟ್ ಬಡ್ಡಿ ಅಂತಲೂ ಇದೆ. ಆ ಬಡ್ಡಿ ತೆಗೆದುಕೊಂಡ ರೈತನನ್ನು ನಾನು ನೋಡಿಲ್ಲ. ನಿಮ್ಮಪ್ಪ ಎಲೆ ಮುಟ್ಟದೇ ಇರಬಹುದು, ಅವರ ಬದುಕು ಪೂರ್ತಿ ನೀವು ಹೇಳುವ ಆ ಬಿಗ್ ಬ್ಲೈಂಡ್ ಏರಿಳಿತದಲ್ಲೇ ನಡೆದಿದೆ.

ಅದಕ್ಕೇ ಅವರಿಗೆ ಮನೆಯಲ್ಲಿ ಒಂದು ದುಡ್ಡು ಒಂದನೇ ತಾರೀಕು ಬರುವುದು ಬೇಕು. ಅದು ನಿನ್ನ ಸಂಬಳ. ಡೈರಿ ಬಟವಾಡೆ ಮನೆ ಖರ್ಚಿಗೆ ಆಗುತ್ತದೆ. ಸೊಸೈಟಿ ಬೆಳೆ ಸಾಲ ಇರಬೇಕಲ್ಲ ನಿಮ್ಮ ಮನೆಯಲ್ಲಿ, ಕೇಳು. ಈಗ 5 ಲಕ್ಷದವರೆಗೆ ಬಡ್ಡಿ ಇಲ್ಲ, ಆದರೆ ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ ಮಾತ್ರ. ವಾಯಿದೆ ಬಂದಾಗ ಕಬ್ಬಿನ ದುಡ್ಡು ಬಂದಿರುವುದಿಲ್ಲ. ಆಗ ನಮ್ಮ ರೈತರು ಏನು ಮಾಡುತ್ತಾರೆ ಗೊತ್ತಾ? ಯಾರ ಹತ್ತಿರವೋ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಸೊಸೈಟಿಗೆ ಕಟ್ಟಿ, ಸಾಲ ಹೊಸದು ಮಾಡಿಸಿ, ಆ ದುಡ್ಡಿನಿಂದ ಕೈಸಾಲ ತೀರಿಸುತ್ತಾರೆ. ಮಗ ಸಂಬಳದಾರ ಆದ ಮೇಲೆ ಆ ಕೈಸಾಲ ನಿಂತ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ನಿಮ್ಮ ಮನೆಯಲ್ಲೂ ನಿನ್ನ ದುಡ್ಡು ಆ ಕೆಲಸ ಮಾಡುತ್ತಿದೆಯೋ ಏನೋ, ನಿನಗೇ ಗೊತ್ತಿಲ್ಲದೆ ಇರಬಹುದು. ಅಪ್ಪಂದಿರು ಇದನ್ನೆಲ್ಲ ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ.

ಹಾಗಾಗಿ ಅವರಿಗೆ ಆಟದ ವಿಚಾರ ಹೇಳುವ ಮುಂಚೆ ನೀನು ಅವರ ಲೆಕ್ಕ ಕೇಳು. ಸಾಲ ಎಷ್ಟು, ಯಾವ ತಿಂಗಳು ವಾಯಿದೆ, ಚೀಟಿ ಎಷ್ಟು ಕಟ್ಟುತ್ತಿದ್ದಾರೆ, ತಂಗಿ ಮದುವೆಗೆ ಏನು ಅಂದುಕೊಂಡಿದ್ದಾರೆ. ಒಂದು ಹಾಳೆ ಮೇಲೆ ಬರಿ. ಆ ಹಾಳೆ ನೋಡಿದ ಮೇಲೆ 7 ಲಕ್ಷದಲ್ಲಿ ನಿನ್ನದು ಅಂತ ಎಷ್ಟು ಉಳಿಯುತ್ತದೆ ನೋಡು. ಮನೆಗೆ 4 ಲಕ್ಷ ಕೊಡಲೇಬೇಕು ಅಂತ ನಾನು ಹೇಳುವುದಿಲ್ಲ, ನಿನ್ನನ್ನು ಕೇಳದೆ ಮೇಸ್ತ್ರಿ ಹತ್ತಿರ ಮಾತಾಡಿದ್ದು ಅವರದ್ದೂ ತಪ್ಪೇ. ಹೆಂಚಿನ ಮನೆ ಇನ್ನೂ ಮೂರು ವರ್ಷ ನಿಲ್ಲುತ್ತದೆ ಅಂದರೆ ನಿಲ್ಲಲಿ. ಹುಡುಗಿ ಕಡೆಯವರು ಬಂದಾಗ ಆರ್‌ಸಿಸಿ ಕಾಣಬೇಕು ಅನ್ನುವುದು ಬೀದಿಯವರ ಬಾಯಿಗೆ ಹೆದರಿ ಮಾಡುವ ಖರ್ಚು. ಆ ಮಾತನ್ನು ನೀನು ಧೈರ್ಯವಾಗಿ ಆಡಬಹುದು. ಆದರೆ ತಂಗಿ ದುಡ್ಡು ಮತ್ತು ಸಾಲದ ದುಡ್ಡು, ಅವೆರಡು ಮಾತ್ರ ಎಲೆ ಹತ್ತಿರ ಹೋಗಬಾರದು.

---

ರಿವರ್_ಕಾರ್ಡ್

ಮೇಲಿನ ಯಜಮಾನರ ಮಾತಿಗೆ ನನ್ನದೂ ಒಂದು ಸೇರಿಸಿ. ಸಂಬಳ ಮನೆಗೆ ಬೇಕು ಅಂದಮೇಲೆ ಬ್ಯಾಂಕ್‌ರೋಲ್‌ನಿಂದ ತಿಂಗಳ ಖರ್ಚು ತೆಗೆಯಬೇಕಾಗುತ್ತದೆ. ಪೋಕರ್‌ನಲ್ಲಿ ಜನ ಹಾಳಾಗುವುದು ಜಾಸ್ತಿ ಅಲ್ಲೇ. 7 ಲಕ್ಷ ಅಂದರೆ 100/200ರಲ್ಲಿ 35 ಬೈ-ಇನ್ (ಒಂದು ಸಲ ಟೇಬಲ್‌ಗೆ ಕೂರುವಾಗ ತೆಗೆದುಕೊಳ್ಳುವ ದುಡ್ಡು, ಇಲ್ಲಿ 20 ಸಾವಿರ), ಪುಸ್ತಕದ ಪ್ರಕಾರ ಪರವಾಗಿಲ್ಲ. ತಿಂಗಳಿಗೆ 30 ಸಾವಿರ ಊಟ-ಬಾಡಿಗೆ, 20 ಸಾವಿರ ಊರಿಗೆ ಅಂದರೆ ವರ್ಷಕ್ಕೆ 6 ಲಕ್ಷ, ಅಂದರೆ 30 ಬೈ-ಇನ್. ಒಂದೂ ಹ್ಯಾಂಡ್ ಸೋಲದೆಯೇ ಹತ್ತಿರ ಹತ್ತಿರ ಖಾಲಿ. ಬಾಡಿಗೆ ಕಟ್ಟಬೇಕು ಅಂತ ಆಡುವವನು ಮಡಚಬೇಕಾದ ಎಲೆಯನ್ನು ಮಡಚುವುದಿಲ್ಲ.

---

ಅಕ್ಕನ_ಮಾತು

ಎಲ್ಲರೂ ದುಡ್ಡಿನ ಲೆಕ್ಕ ಹೇಳಿದ್ರಿ. ನಾನು ಒಂದು ಕೇಳುತ್ತೇನೆ ತಮ್ಮಾ, ಇಲ್ಲಿ ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಆಗಸ್ಟ್‌ನಲ್ಲಿ ಆ್ಯಪ್ ನಿಂತವಲ್ಲ, ಆಮೇಲೆ ನಿನಗೆ ಹೇಗಿತ್ತು? ಕ್ರಿಕೆಟ್ ಬಿಟ್ಟವನ ಹಾಗೆ ಸ್ವಲ್ಪ ಬೇಜಾರಾಗಿ ಸುಮ್ಮನಾದೆಯಾ, ಅಥವಾ ನಿದ್ದೆ ಹೋಯಿತಾ, ಆಫೀಸಿನಲ್ಲಿ ಸಿಡಿಮಿಡಿ, ಹೇಗಾದರೂ ಆಡಬೇಕು ಅಂತ ಟೆಲಿಗ್ರಾಂ ಹುಡುಕಾಟ? ಏಜೆಂಟ್ ವಿಷಯವನ್ನು ನೀನು ಮೊದಲ ಸಲ ಬರೆಯದೆ ಆಮೇಲೆ ಬರೆದೆ, ಅದಕ್ಕೇ ಕೇಳಿದೆ. ನನ್ನ ಗಂಡನ ತಮ್ಮ ಐಪಿಎಲ್ ಬೆಟ್ಟಿಂಗ್‌ನಲ್ಲಿ ಇದ್ದ. ಗೆದ್ದ ದಿನ ಮನೆಗೆಲ್ಲ ಸ್ವೀಟು ತರುತ್ತಿದ್ದ, ಸೋತದ್ದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಾಲಗಾರರು ಬಾಗಿಲಿಗೆ ಬಂದಾಗಲೇ ನಮಗೆ ತಿಳಿದದ್ದು. ನೀನು ಅವನ ಥರ ಅಂತ ಹೇಳುತ್ತಿಲ್ಲ. ಲೆಕ್ಕ ಇಡುವ ಹುಡುಗ ನೀನು. ಆದರೆ ಎರಡನೆಯದು ನಿಜ ಅನಿಸಿದರೆ ಗೋವಾ ಯೋಚನೆ ಪಕ್ಕಕ್ಕಿಟ್ಟು ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಹೋಗು, ಮೊಬೈಲು, ಆನ್‌ಲೈನ್ ಆಟ ಬಿಡಲಾಗದವರಿಗೆ ಅಂತಲೇ 2014ರಿಂದ ನಡೆಸುತ್ತಿದ್ದಾರೆ. ಫೋನಿನಲ್ಲಿ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಅಪ್ಪನಿಗೆ ಹೇಳುವ ಮುಂಚೆ ಅವ್ವನಿಗೆ ಹೇಳು. ನಿನ್ನ ದೊಡ್ಡಪ್ಪನ ಗದ್ದೆ ಹೋದಾಗ ಆ ಮನೆಯ ಹೆಂಗಸರ ಬಂಗಾರ ಎಲ್ಲಿಗೆ ಹೋಯಿತು ಅಂತ ಅವ್ವನಿಗೆ ಗೊತ್ತಿರುತ್ತದೆ.

---

ಮದ್ದೂರು_ವಡೆ

ಎಲ್ಲ ಎರಡೆರಡು ಸಲ ಓದಿದೆ.

ಅಕ್ಕಾ, ಮೊದಲ ಒಂದು ತಿಂಗಳು ಚಡಪಡಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ರಾತ್ರಿ ಹತ್ತಕ್ಕೆ ಕೈ ತಾನಾಗೇ ಫೋನ್ ಹತ್ತಿರ ಹೋಗುತ್ತಿತ್ತು. ನಿದ್ದೆ ಏನೂ ಹೋಗಲಿಲ್ಲ. ಏಜೆಂಟ್ ಗ್ರೂಪ್‌ನಿಂದ ಇವತ್ತು ಹೊರಗೆ ಬಂದೆ, ಕುಡ್ಲದವರು ಹೇಳಿದ್ದು ಓದಿ ಭಯ ಆಯಿತು.

ಸೊಸೈಟಿ ಸರ್, ತಂಗಿಗೆ ಫೋನ್ ಮಾಡಿ ಕೇಳಿದೆ. ಬೆಳೆ ಸಾಲ ಇದೆ. ಹೋದ ವರ್ಷ ನಾನು ಕಳಿಸಿದ "ಹಬ್ಬದ ದುಡ್ಡು" ಪೂರ್ತಿ ವಾಯಿದೆಗೆ ಹೋಗಿದೆಯಂತೆ. ಅಪ್ಪ ನನಗೆ ಹೇಳಿಯೇ ಇಲ್ಲ.

ಸದ್ಯಕ್ಕೆ ರಾಜೀನಾಮೆ ಕೊಡುತ್ತಿಲ್ಲ. ಪೋಕರ್ ಬಿಡುತ್ತೇನೆ ಅಂತಲೂ ಹೇಳುವುದಿಲ್ಲ, ಅದು ನನಗೆ ಇಷ್ಟ. ಬೆಳಗಾವಿಯವರು ಹೇಳಿದ ಹಾಗೆ ಶನಿವಾರ-ಭಾನುವಾರ ಮಾತ್ರ, ಅದಕ್ಕೆ 1 ಲಕ್ಷ ಬೇರೆ ಖಾತೆಯಲ್ಲಿ. ಅದು ಮುಗಿದರೆ ಮುಗಿಯಿತು, ಮತ್ತೆ ತುಂಬುವುದಿಲ್ಲ. ಇದು ಸರಿಯಾ? ಮತ್ತೆ ಟೂರ್ನಿಯಲ್ಲಿ ಗೆದ್ದರೆ ಪ್ಯಾನ್ ಕೊಡಲೇಬೇಕಾ?

---

ಬೆಳಗಾವಿ_ಕುಂದಾ

1 ಲಕ್ಷ ಅಂದರೆ 100/200ರಲ್ಲಿ ಐದು ಬೈ-ಇನ್ ಅಷ್ಟೇ ತಮ್ಮಾ. ಒಂದೇ ವೀಕೆಂಡಿನಲ್ಲಿ ಹೋಗಬಹುದು, ಚೆನ್ನಾಗಿ ಆಡಿಯೂ. ಅದನ್ನು ಬ್ಯಾಂಕ್‌ರೋಲ್ ಅನ್ನಬ್ಯಾಡ, ಗೋವಾ ಟ್ರಿಪ್ ಖರ್ಚು ಅನ್ನು. ಸಣ್ಣ ಎಂಟ್ರಿಯ ಟೂರ್ನಿ ಇದ್ದಾಗ ಮಾತ್ರ ಬಾ, ದುಡ್ಡು ಜಾಸ್ತಿ ದಿನ ಬಾಳುತ್ತದೆ. ಬಸ್ಸಿನಲ್ಲಿ ಬಾ, ಬೈಕ್ ಬ್ಯಾಡ, ಮಳೆಗಾಲದಲ್ಲಿ ಘಾಟ್ ಕೆಟ್ಟಿರುತ್ತದೆ.

---

ಲೆಕ್ಕ_ಪತ್ರ

ಪ್ಯಾನ್ ಕೊಡಬೇಕು. 10 ಸಾವಿರ ದಾಟಿದ ಬಹುಮಾನಕ್ಕೆ ಅವರು 30 ಪರ್ಸೆಂಟ್ ಟಿಡಿಎಸ್ ಹಿಡಿದೇ ಕೊಡುತ್ತಾರೆ, ಅದು ಇಲಾಖೆಯಲ್ಲಿರುವ ನಿಮ್ಮ ತೆರಿಗೆ ದಾಖಲೆಯಲ್ಲಿ ಬಂದು ಕೂರುತ್ತದೆ. ಹಾಗಾಗಿ ರಿಟರ್ನ್‌ನಲ್ಲಿ ಬಿಟ್ಟರೆ ನೋಟಿಸ್ ಬರುವುದು ಖಾತ್ರಿ. ಈ ಗೆಲುವು ಇದ್ದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಹಾಕಿ. ಆಫೀಸಿನವರು ಮಾಡಿಕೊಡುವ ಫ್ರೀ ಫೈಲಿಂಗ್‌ನಲ್ಲಿ ಸಾಮಾನ್ಯವಾಗಿ ಐಟಿಆರ್-1 ಅನ್ನೇ ಹಾಕಿಬಿಡುತ್ತಾರೆ, ಮೊದಲೇ ಹೇಳಿಬಿಡಿ.